ಈಶಾನ್ಯ ಮೂಲೆಯ ಒಂಬತ್ತನೇ ಪೈಲು

ಕುರ್ಚಿ ಕೊಟ್ಟರೂ ರುದ್ರಪ್ಪ ಕೂಡಲಿಲ್ಲ. ಭಾನುಮತಿಬಾಯಿಯ ಪಡಸಾಲೆಯಲ್ಲಿ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗುತ್ತಲೇ ಇದ್ದ. ಅವನ ಬೂಟಿನ ಮಣ್ಣು ಉದುರುವುದನ್ನು ಬಾಯಿಯ ಮೈದುನ ಕಾಶೀನಾಥ ಸಂಕಟದಿಂದ ನೋಡುತ್ತಿದ್ದ. ಮುಂಜಾನೆ ನೆಲ ಒರೆಸಿದವನು ಅವನೇ.

"ನಾಳೆ ಕಂತ್ರಾಟುದಾರ್ರು ಪೊಲೀಸ್ ಕಂಪ್ಲೇಂಟ್ ಕೊಡ್ತಾರಂತ್ರಿ ಬಾಯಾರ. ಇಪ್ಪತ್ತು ವರ್ಷ ನೆಲ ಕೊರದೀನಿ. ಒಮ್ಮೆ ಮೋಸಗಾರ ಅನಿಸಿಕೊಂಡ್ರ ನಾಗಪುರದಾಗ ಯಾವ ಸೈಟಿನಾಗೂ ನಿಲ್ಲಿಸಂಗಿಲ್ಲ."

ಮುಚ್ಚಿಹೋದ ಬಟ್ಟೆ ಗಿರಣಿಯ ಜಾಗದಲ್ಲಿ ಕನ್ನಡದವರ ಸೊಸೈಟಿಯೊಂದು ಮನೆ ಕಟ್ಟಿಸುತ್ತಿತ್ತು. ಅಲ್ಲಿನ ಕರಿಮಣ್ಣು ಭಾರ ತಾಳುವುದಿಲ್ಲವೆಂದು ಬಂಡೆ ಸಿಗುವವರೆಗೆ ಕೊರೆದು, ಕಬ್ಬಿಣದ ಪಂಜರ ಇಳಿಸಿ, ಕಾಂಕ್ರೀಟ್ ಸುರಿದು ಅಡಿಪಾಯದ ಪೈಲು ನಿಲ್ಲಿಸಿದ್ದರು. ನಿನ್ನೆ ಮರಳಿನ ಚೀಲ ಹೇರಿ ಪರೀಕ್ಷಿಸಿದಾಗ ಒಂಬತ್ತನೇ ಪೈಲು ಒಂದು ಗೇಣು ಕುಸಿದಿತ್ತು. ಬಂಡೆ ಮುಟ್ಟುವ ಮೊದಲೇ ಕೊರೆತ ನಿಲ್ಲಿಸಿ ರುದ್ರಪ್ಪ ಮೋಸ ಮಾಡಿದ್ದಾನೆ ಎಂಬುದು ಅವನ ಮೇಲಿನ ಆರೋಪ.

"ಬಂಡೆ ಹತ್ತಿತ್ತೇನು?"

"ಹತ್ತಿತ್ರಿ. ನಲವತ್ತಡಿಗೆ ಕರಿಕಲ್ಲು. ಚೂರು ಚೀಲದಾಗ ಹಾಕಿಟ್ಟೀನಿ."

ಭಾನುಮತಿಬಾಯಿ ಮೂವತ್ತು ವರ್ಷ ಸೈನ್ಯಕ್ಕೆ ಮದ್ದುಗುಂಡು ಮಾಡುವ ಆರ್ಡ್ನೆನ್ಸ್ ಫ್ಯಾಕ್ಟರಿಯಲ್ಲಿ ಬಿಡಿಭಾಗಗಳ ಅಳತೆ ತಪಾಸಣೆ ಮಾಡಿದವರು. ನಿವೃತ್ತರಾದ ಮೇಲೆ ಓಣಿಯವರ ಬಿಡಿಸಲಾಗದ ತಕರಾರುಗಳೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು.

"ಕಾಶೀನಾಥ, ಟೇಪ್ ತಗೋ."

"ಚಹಾಕ್ಕ ಇಟ್ಟೀನಲ್ಲ, ವೈನಿ."

"ಅದೇನು ಓಡಿ ಹೋಗಂಗಿಲ್ಲ. ಒಲಿ ಆರಿಸಿ ಬಾ."

ಅಣ್ಣ ತೀರಿಕೊಂಡಂದಿನಿಂದ ಹೀಗೆ ಅತ್ತಿಗೆಯ ಹಿಂದೆ ಓಡುವುದೇ ಕಾಶೀನಾಥನ ಉದ್ಯೋಗವಾಗಿತ್ತು.

ಸೈಟಿನಲ್ಲಿ ಕಂತ್ರಾಟುದಾರ ಅನಿರುದ್ಧ ಕಾಯುತ್ತಿದ್ದ. ಜೊತೆಗೆ ಸೊಸೈಟಿಯ ಕಾರ್ಯದರ್ಶಿ ಲಕ್ಷ್ಮೀಕಾಂತ, ಅವರ ಹೆಂಡತಿ ವಸುಧಾ. ಎರಡು ತಿಂಗಳ ಹಿಂದೆ, ಗಣಪತಿ ಹಬ್ಬದ ಮುನ್ನಾದಿನ, ಸ್ಕೂಟರಿನಿಂದ ಬಿದ್ದು ಮುರಿದ ಲಕ್ಷ್ಮೀಕಾಂತರ ಬಲಗೈ ಇನ್ನೂ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿತ್ತು.

"ಪೈಲು ನೋಡೋಕೆ ನೀವ್ಯಾಕೆ ಬಾಯಿ? ಇದು ಹಪ್ಪಳ ಅಲ್ಲ," ಎಂದ ಅನಿರುದ್ಧ.

"ಹಪ್ಪಳಾನೂ ದುಂಡಗ ಇರಬೇಕು, ಇದೂ ಇರಬೇಕು. ಸರೀರಿ."

ಬಾಯಿ ಟೇಪಿನ ಒಂದು ತುದಿ ಕಾಶೀನಾಥನ ಕೈಗಿತ್ತರು. ಎಂಟರವರೆಗೆ ಪೈಲಿನಿಂದ ಪೈಲಿಗೆ ಬರೋಬರ್ ಹತ್ತಡಿ. ಎಂಟರಿಂದ ಒಂಬತ್ತಕ್ಕೆ ಆರೇ ಅಡಿ. ಕೊರೆಯುವ ಜಾಗ ತಿಳಿಯಲೆಂದು ಪ್ರತಿ ಪೈಲಿನ ಎರಡೂ ಬದಿಗೆ ಬಡಿದ ಸಾಕ್ಷಿಗೂಟಗಳು ಇನ್ನೂ ಇದ್ದವು. ಉಳಿದ ಗೂಟಗಳ ತಲೆ ಸುತ್ತಿಗೆಯ ಏಟಿಗೆ ಚಪ್ಪಟೆಯಾಗಿತ್ತು. ಒಂಬತ್ತರ ಗೂಟಗಳ ತಲೆ ಮಾತ್ರ ಜಜ್ಜಿ, ತರಚಿ, ತೆಂಗಿನ ನಾರು ಅಂಟಿಕೊಂಡಿತ್ತು. ನಾಲ್ಕಡಿ ಆಚೆ, ಈಶಾನ್ಯ ಮೂಲೆಯಲ್ಲಿ, ಕಾಶೀನಾಥನ ಚಪ್ಪಲಿಗೆ ಊದುಬತ್ತಿಯ ಕಡ್ಡಿಗಳು ಚುಚ್ಚಿದವು. ಪಕ್ಕದಲ್ಲೇ ಕಾಯಿ ಒಡೆಯುವ ಕಲ್ಲು.

ಬಾಯಿ ಅನಿರುದ್ಧನಿಂದ ಗಿರಣಿಯ ಹಳೇ ನಕ್ಷೆ ಪಡೆದು ಬಿಡಿಸಿ ನೋಡಿದರು. ಗೇಟಿನ ಕಾವಲುಗಾರನನ್ನು ಮರಾಠಿಯಲ್ಲಿ ಎರಡು ಮಾತು ಕೇಳಿ ಬಂದರು. ಕಾಶೀನಾಥನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅತ್ತಿಗೆ ಟೇಪು ಸುತ್ತಿದರೆಂದರೆ ಯಾರದೋ ಮುಖ ಬಾಡುವುದಿದೆ ಎಂದು ಅವನಿಗೆ ಗೊತ್ತು.

ಎಲ್ಲರೂ ಸುತ್ತ ನಿಂತ ಮೇಲೆ ಬಾಯಿ ಹೇಳಿದರು: "ರುದ್ರಪ್ಪ ಸುಳ್ಳು ಹೇಳಿಲ್ಲ. ಅವಗ ಕಲ್ಲು ಸಿಕ್ಕಿದ್ದು ಖರೆ. ಆದ್ರ ಅದು ನೆಲದ ಬಂಡೆ ಅಲ್ಲ. ನಕ್ಷಾದಾಗ ಇಲ್ಲೊಂದು ಬಾವಿ ಐತಿ. ಗಿರಣಿ ಕೆಡವಿದಾಗ ಅದರ ತಳಕ್ಕ ಕರಿಕಲ್ಲು ತುಂಬಿ ಮ್ಯಾಲೆ ಮಣ್ಣು ಎಳದಾರ, ಭಾರ ಬಿದ್ದಾಗ ಆ ಸಡ್ಲ ಕಲ್ಲು ಕುಸದಾವ. ಅನಿರುದ್ಧ, ನೀವು ಪೈಲು ಗುರ್ತು ಮಾಡಿದ್ದು ಬಾವಿ ತಪ್ಪಿಸಿ ಅಲ್ಲೇನು?"

"ಹೌದು. ನಾಲ್ಕಡಿ ಆಚೆ." ಅನಿರುದ್ಧನ ದನಿ ಇಳಿದಿತ್ತು.

"ಅಂದ್ರ ಗೂಟ ಕಿತ್ತು ಈಚೆ ಬಡದಾರ. ರುದ್ರಪ್ಪನ ಮಂದಿ ಸುತ್ತಿಗಿ ಹಿಡೀತಾರ, ನಿಮ್ಮ ಹತ್ರ ಗೋದಾಮಿನ ಕೀಲಿ ಐತಿ. ಕಾಯಿ ಒಡೆಯೋ ಕಲ್ಲಿಲೆ ಬಡದವರಿಗೆ ಸುತ್ತಿಗಿ ಸಿಕ್ಕಿಲ್ಲ. ಹೋದ ತಿಂಗಳು, ಕೊರೆಯೋ ಹಿಂದಿನ ದಿನ ರವಿವಾರ, ಸೈಟು ಬಂದ್. ಅವತ್ತು ಒಳಗ ಬಂದವರು ಇಬ್ಬರೇ. ಭೂಮಿಪೂಜಾದಾಗ ಕಲಶ ಹೂತಲ್ಲಿ ವಾರವಾರ ಊದುಬತ್ತಿ ಹಚ್ಚೋ ಗಂಡಾ ಹೆಂಡತಿ. ಒಂದು ಕೈಲೆ ಹಿಡೀಬೇಕು, ಒಂದು ಕೈಲೆ ಬಡೀಬೇಕು. ಸೆಕ್ರೆಟರಿ ಸಾಹೇಬರ ಕೈ ಅವಾಗೂ ಜೋಳಿಗಿಯಾಗ ಇತ್ತು. ಅವರು ಗೇಟಿನ್ಯಾಗ ಕಾವಲುಗಾರನ ಕೂಡ ಕ್ರಿಕೆಟ್ ಮಾತಾಡ್ಕೋತ ನಿಂತಿದ್ರಂತ."

ಲಕ್ಷ್ಮೀಕಾಂತರು ಹೆಂಡತಿಯ ಕಡೆ ತಿರುಗಿದರು. "ವಸುಧಾ?"

ವಸುಧಾ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಪೂಜೆಗೆ ಕೂತವಳು ನಾನು. ಗೂಟದ ಗುರುತು ಕಲಶದ ಮೇಲೇ ಬಿದ್ದಿತ್ತು. ಕಲಶ ಒಡೆದ್ರೆ ಇಲ್ಲಿ ಬರೋ ಯಾರ ಮನೇನೂ ಏಳ್ಗೆ ಆಗಲ್ಲ ಅಂದಿದ್ರು ಭಟ್ಟರು. ನಾಲ್ಕಡಿಗೆ ಏನಾಗತ್ತೆ ಅಂದ್ಕೊಂಡೆ."

"ನನಗೊಂದು ಮಾತು ಕೇಳಬಾರದಿತ್ತಾ?" ಎಂದ ಅನಿರುದ್ಧ.

"ಕೇಳಿದ್ದೆ. ನಕ್ಕುಬಿಟ್ರಿ ನೀವು."

ಅನಿರುದ್ಧ ರುದ್ರಪ್ಪನ ಹತ್ತಿರ ಹೋಗಿ, ದೂರು ಕೊಡುವುದಿಲ್ಲ, ನಾಳೆಯಿಂದಲೇ ಕೆಲಸಕ್ಕೆ ಬಾ ಎಂದ. ವಸುಧಾ ಕೈಮುಗಿದಳು. "ತಪ್ಪಾಯ್ತು ರುದ್ರಪ್ಪ. ಕ್ಷಮಿಸಿಬಿಡಿ."

"ನನಗ ಹೇಳಿ ಏನ್ರಿ ಉಪಯೋಗ, ಅಕ್ಕಾರ? ನಾ ಮೋಸ ಮಾಡಿಲ್ಲ ಅಂತ ನನಗ ಮೊದಲೇ ಗೊತ್ತಿತ್ತು." ರುದ್ರಪ್ಪ ದೂರದಲ್ಲಿ ಗಡಗಡಿಸುತ್ತಿದ್ದ ಯಂತ್ರದ ಕಡೆ ಕೈ ತೋರಿಸಿದ. ಕನ್ನಡ ಬಾರದ ಅವನ ಹದಿನೈದು ಆಳುಗಳು ಕೆಲಸ ಬಿಟ್ಟು ಇತ್ತಲೇ ನೋಡುತ್ತಿದ್ದರು. "ನನ್ನ ಮೋಸಗಾರ ಅಂದ್ಕೊಂಡವರು ಅವರು. ಅವರಿಗೆ ಹೇಳ್ರಿ."

"ನಂಗೆ ಅಷ್ಟು ಹಿಂದಿ ಬರಲ್ಲ," ಎಂದಳು ವಸುಧಾ.

"ಬಂದಷ್ಟು ಹೇಳ್ರಿ. ತಿಳೀತೈತಿ."

ಲಕ್ಷ್ಮೀಕಾಂತರು ಜೊತೆಗೆ ಹೆಜ್ಜೆ ಇಟ್ಟರು. ಭಾನುಮತಿಬಾಯಿ ಅವರ ತೋಳು ಹಿಡಿದು ನಿಲ್ಲಿಸಿದರು. ವಸುಧಾ ಒಬ್ಬಳೇ, ಸೀರೆ ತುಸು ಎತ್ತಿ ಹಿಡಿದು, ಹೆಂಟೆಗಳ ಮೇಲೆ ಎಡವುತ್ತ ನಡೆದಳು. ಅವಳಿಗಿಂತ ಮೊದಲೇ ರುದ್ರಪ್ಪ ಓಡಿಹೋಗಿ, ಅವಳ ದನಿ ಕೊನೆಯವನಿಗೂ ಕೇಳಲೆಂದು, ಯಂತ್ರ ಬಂದ್ ಮಾಡಿದ.