ಮುರಿದ ತುದಿಯ ಶಂಖ

"ಅಯ್ಯೋ! ಏನ್ ಮಾಡ್ಬಿಟ್ರಿ ನೀವು!"

ಅವಳ ಕೂಗಿಗೆ ಸಂಗ್ರಹಾಲಯದ ಕೆಲಸದ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಕಹಳೆ ವಾದಕ ಬೆಚ್ಚಿಬಿದ್ದ. ಅವನ ಒಂದು ಕೈಯಲ್ಲಿ ಗುಹೆಯೊಂದರಲ್ಲಿ ಸಿಕ್ಕಿದ್ದ, ಸಾವಿರಾರು ವರ್ಷ ಹಳೆಯ ಶಂಖ. ಇನ್ನೊಂದು ಕೈಯಲ್ಲಿ... ಅದರ ಮುರಿದ ತುದಿ!

"ಮೇಡಂ, ಇನ್ನೂ ತುಟಿಗೂ ಇಟ್ಟಿಲ್ಲ... ಎತ್ತಿಕೊಂಡೆ ಅಷ್ಟೇ, ಅದಾಗೇ ಕಳಚಿ..."

"ಅದಾಗೇ ಕಳಚ್ತಾ? ಬ್ಯಾಂಡಲ್ಲಿ ಊದೋ ಕಹಳೆ ಅಂದ್ಕೊಂಡ್ರಾ? ಇಂಥೋರ ಕೈಗೆ ಇದನ್ನ ಕೊಟ್ಟಿದ್ದು ಯಾರ್ರೀ?"

ಆ ಶಂಖದ ದನಿಯನ್ನು ಮತ್ತೆ ಕೇಳಬೇಕೆಂದೇ ಅವನನ್ನು ಕರೆಸಿದ್ದರು. ಅದನ್ನು ಕಾಪಾಡುವ ಹೊಣೆ ಅವಳದು. ಅವನು ಎರಡನ್ನೂ ಮೆತ್ತಗೆ ಬಟ್ಟೆಯ ಮೇಲಿಟ್ಟು, ತಲೆ ತಗ್ಗಿಸಿ ಹೊರಟುಹೋದ.

ಮರುದಿನ ಆ ಚೂರನ್ನು ಭೂತಗನ್ನಡಿಯಡಿ ಹಿಡಿದವಳ ಎದೆ ಧಸಕ್ಕೆಂದಿತು.

ಅದು ಶಂಖವೇ ಅಲ್ಲ... ಬಣ್ಣ ಬಳಿದ ಗಾರೆ! ಹಿಂದೆ ಯಾರೋ ಅಂದಕ್ಕೆಂದು ಮೆತ್ತಿದ್ದರು. ಅದು ಮುಚ್ಚಿದ್ದ ಶಂಖದ ನಿಜವಾದ ಅಂಚು ತುಟಿ ತಾಗಿ ತಾಗಿ ಸವೆದಿತ್ತು. ಊದುವುದಕ್ಕೆಂದೇ ಸಾವಿರಾರು ವರ್ಷಗಳ ಹಿಂದಿನವರು ತುದಿ ಮುರಿದಿದ್ದರು.

'ನೋಡದೆ, ಕೇಳದೆ... ನಾಲ್ಕು ಜನರೆದುರು ಅವರ ಮಾನ ಕಳೆದೆನಲ್ಲ!'

ಮನೆಯಲ್ಲಿ ಊಟದ ತಟ್ಟೆ ಮುಟ್ಟದೆ ಕೂತಳು.

"ಏನೇ, ಶಂಖ ಊದೋದು ಬಿಟ್ಟು ಮುಖ ಊದಿಸ್ಕೊಂಡು ಕೂತಿದೀಯ?" ಅಕ್ಕ ಕೆಣಕಿದಳು.

ಅವಳು ಅತ್ತೇಬಿಟ್ಟಳು.

ವಿಚಾರಿಸಿಕೊಂಡು ಅವನ ವಾದ್ಯ ರಿಪೇರಿ ಅಂಗಡಿಗೆ ಹೋದಳು.

"ತಪ್ಪು ನನ್ನದು. ಕ್ಷಮಿಸಿಬಿಡಿ..."

ಅವನು ಹಿತ್ತಾಳೆ ಒರೆಸುತ್ತಲೇ ಕೇಳಿದ, "ಬೈಯೋವಾಗ ಎಲ್ಲರೂ ಇದ್ರು. ಕ್ಷಮೆ ಕೇಳೋಕೆ ಮಾತ್ರ ಒಬ್ಬರೇ ಬಂದ್ರಾ ಮೇಡಂ?"

ಮಾತು ಮುಳ್ಳಿನಂತೆ ಚುಚ್ಚಿತು. ಆದರೆ ನಿಜವೇ ಅಲ್ಲವೇ!

ಮರುದಿನವೇ ಎಲ್ಲರನ್ನೂ ಅದೇ ಕೋಣೆಗೆ ಸೇರಿಸಿದಳು. ಅವನನ್ನೂ ಕರೆಸಿದಳು.

"ಇವರು ಏನನ್ನೂ ಮುರಿದಿಲ್ಲ. ಪರೀಕ್ಷೆ ಮಾಡದೆ ಬಾಯಿಗೆ ಬಂದದ್ದು ಅಂದವಳು ನಾನು."

ಹಿರಿಯ ಅಧಿಕಾರಿ ಹುಬ್ಬು ಗಂಟಿಕ್ಕಿದರು. "ಇಷ್ಟು ದುಡುಕಿದರೆ ಹೇಗಮ್ಮ? ಶಂಖದ ಕೆಲಸ ಬೇರೆಯವರು ನೋಡ್ಕೊಳ್ಳಲಿ."

ಅವಳು ತುಟಿ ಕಚ್ಚಿ ತಲೆಯಾಡಿಸಿದಳು. ಸಿಗಬೇಕಾದ ಶಿಕ್ಷೆಯೇ...

"ಸರ್, ಅವರೇ ಇರಲಿ," ಎಂದ ಅವನು. "ಇಲ್ಲಾಂದ್ರೆ ನಾನು ಊದಲ್ಲ."

ಅವಳಿಗೆ ನಂಬಲಾಗಲಿಲ್ಲ!

ವಾರಗಟ್ಟಲೆ ಅವಳು ಹಿಡಿದುಕೊಟ್ಟಳು, ಅವನು ಊದಿದ. ಬರೀ ಗಾಳಿ... ಮತ್ತೆ ಗಾಳಿ... ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಶಂಖ ದನಿಯೆತ್ತಿತು! ಒರಟಾದ, ಆಳವಾದ, ಕಿಟಕಿಯ ಗಾಜನ್ನೇ ನಡುಗಿಸಿದ ದನಿ. ಇಬ್ಬರ ಕಣ್ಣೂ ತುಂಬಿದವು.

ಮರುಕ್ಷಣವೇ ಅವಳು ಮುಖ ತಿರುಗಿಸಿದಳು.

"ಯಾಕೆ ಯಾವಾಗ್ಲೂ ಹೀಗೆ ದೂರ ಸರೀತೀರಿ?"

"ನಿಮ್ಮ ಮುಖ ನೋಡಿದಾಗೆಲ್ಲ ಆ ದಿನ ನೆನಪಾಗುತ್ತೆ..."

"ನನಗೂ ನೆನಪಾಗುತ್ತೆ. ಒಂದು ಶಂಖಕ್ಕೇ ಅಷ್ಟು ಸಂಕಟಪಟ್ಟೋರು, ಮನಸಿಗೆ ಹತ್ತಿರದೋರನ್ನ ಎಷ್ಟು ಜೋಪಾನ ಮಾಡಬಹುದು ಅನ್ಸುತ್ತೆ."

ಅವಳು ಮೆಲ್ಲಗೆ ಅವನತ್ತ ತಿರುಗಿದಳು.

"ನಾನು ಮತ್ತೆ ದುಡುಕಿದ್ರೆ?"

"ಮೊದಲು ಕೇಳು. ಆಮೇಲೆ ಬೈ."

ಅವನು ಏಕವಚನದಲ್ಲಿ ಮಾತಾಡಿಸಿದ್ದು ಇದೇ ಮೊದಲು! ಅವಳು ಕಣ್ಣೊರೆಸಿಕೊಂಡಳು.

"ಹಾಗಾದ್ರೆ ಕೇಳ್ತೀನಿ... ನನ್ನನ್ನ ಪ್ರೀತಿಸ್ತೀಯಾ?"

"ಹೂಂ. ಈಗ ಬೈಬಹುದು."