ರಸ್ತೆ ಕಡೆಯ ಬಾಗಿಲು

ಹೊನ್ನಕ್ಕ ಎಸೆದ ಕಲ್ಲು ಅವನ ಹಣೆಗೇ ಬಿತ್ತು.

"ನಮ್ಮನೆ ಗುರುತು ಅಳಿಸ್ತೀಯೇನ್ಲಾ?"

ಬುಕ್ಕಾಪಟ್ಟಣದ ಹತ್ತಿರ, ಊರಾಚೆಯ ಕೇರಿಗೆ ಎಂಬತ್ತಮೂರನೇ ಇಸವಿಯಲ್ಲಿ ಸರ್ಕಾರದಿಂದ ಹದಿನಾಲ್ಕು ಮನೆ ಮಂಜೂರಾಗಿತ್ತು. ಪಾಯಕ್ಕೆ ಎಳೆದ ಸುಣ್ಣದ ಗೆರೆಯನ್ನು ಯಾವನೋ ಪ್ಯಾಂಟಿನವನು ಕಾಲಲ್ಲಿ ಉಜ್ಜುತ್ತಿದ್ದರೆ, ಗಾರೆ ಕೆಲಸದ ಹೊನ್ನಕ್ಕ ಸುಮ್ಮನಿರುವ ಹೆಣ್ಣೇ?

"ಅಳಿಸ್ತಿಲ್ಲ ಕಣಮ್ಮ, ತಿರುಗಿಸ್ತಿದ್ದೀನಿ. ಪ್ಲಾನ್ ಬರೆಯೋ ಅಡವಯ್ಯ ನಾನು. ನಾನೂ ಕೇರಿಯವನೇ."

ಸೆರಗು ಹರಿದು ಹಣೆಗೆ ಕಟ್ಟುವಾಗ ಅವನ ಚೀಲದಲ್ಲಿದ್ದ ಇಂಗ್ಲಿಷ್ ಪುಸ್ತಕ ಅವಳಿಗೆ ಕಂಡಿತು. ಅಮೆರಿಕದಲ್ಲಿ ಗುಲಾಮರಾಗಿದ್ದ ಕಪ್ಪು ಜನರ ಕತೆಯದು. ಚಿತ್ರದಲ್ಲಿ ಧಣಿಯ ಬಂಗಲೆ, ಹಿಂದೆ ಅವರ ಗುಡಿಸಲುಗಳ ಸಾಲು.

"ಬಂಗಲೆಗೆ ಅವರು ಹಿಂಬಾಗಿಲಲ್ಲೇ ಬರಬೇಕಿತ್ತು," ಎಂದ.

"ಅಲ್ಲೂ ಅಂಗೇಯಾ?"

"ಅಂಗೇ. ಯಾರು ಕಾಣ್ಬಾರ್ದು ಅಂತ ಮೊದ್ಲು ಗೋಡೆನೇ ಹೇಳೋದು. ಪ್ಲಾನಲ್ಲಿ ನಿಮ್ಮ ಬಾಗಿಲೆಲ್ಲ ಹಿಂದಿನ ಹಳ್ಳದ ಕಡೆಗಿದ್ವು. ರಸ್ತೆ ಕಡೆಗೆ ಮಾಡಿ ಸಾಹೇಬ್ರ ಸಹಿ ಹಾಕಿಸ್ಕೊಂಡು ಬಂದೆ."

ಗಂಟು ಬಿಗಿಯುತ್ತ ಕೇಳಿದಳು, "ನೋವಾಯ್ತಾ?"

"ಇಲ್ಲ."

"ಹಂಗಾದ್ರೆ ಇನ್ನೊಂದು ಬುಡ್ಲಾ?"

ಅವನು ನಕ್ಕ. ಆ ನಗು ಅವಳಿಗೆ ಹಿಡಿಸಿಬಿಟ್ಟಿತು.

ಗೋಡೆಗಳು ಎದ್ದವು. ಅವಳು ಗಾರೆ ಕಲಸುತ್ತ ಓರೆಗಣ್ಣಲ್ಲಿ ನೋಡಿದರೆ ಅವನಿಗೆ ಅಳತೆಯೇ ತಪ್ಪುತ್ತಿತ್ತು.

"ಇಂಜಿನೀರಪ್ಪಾ, ಗೋಡೆ ನೋಡಿ, ನನ್ನಲ್ಲ."

ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಊರ ಯಜಮಾನ ಸಣ್ಣರಂಗಯ್ಯ ಆಳುಗಳ ಕೈಗೆ ಹಾರೆ ಕೊಟ್ಟು ಕರೆತಂದ.

"ದಿನಾ ನಿಮ್ಮ ಹೊಸಿಲು ನೋಡ್ಕೊಂಡು ಓಡಾಡ್ಬೇಕೇನ್ರಲಾ ನಾವು?"

ಗೋಡೆ ಉರುಳಿಸಿದರು, ಪಾಯವನ್ನೂ ಕಿತ್ತರು. ಚೌಕಟ್ಟನ್ನು ತಬ್ಬಿ ನಿಂತ ಅಡವಯ್ಯನನ್ನು ಕೆಡವಿ, ಬಲಗೈ ಬೆರಳುಗಳನ್ನು ಕಲ್ಲಿನ ಮೇಲಿಟ್ಟು ಹಾರೆಯಿಂದ ಜಜ್ಜಿದರು. ಹೊನ್ನಕ್ಕ ಗಾರೆ ಬಳಿಯುವ ಕರಣೆಯಲ್ಲಿ ಒಬ್ಬನ ಕೆನ್ನೆ ಸೀಳಿದಳು. ಅವಳ ಮುಂದಿನ ಎರಡು ಹಲ್ಲು ಉದುರಿದವು.

ತಿಂಗಳಾದ ಮೇಲೆ ಅವನು ಶಿರಾ ಆಸ್ಪತ್ರೆಯಿಂದ ಬಂದಾಗ ಬೆರಳು ಮಡಚಲಾಗುತ್ತಿರಲಿಲ್ಲ. ಪಾಯ ಕಿತ್ತ ಜಾಗದಲ್ಲಿ ಹೊನ್ನಕ್ಕ ಸುಣ್ಣದ ಪುಟ್ಟಿ ಹಿಡಿದು ಕಾದಿದ್ದಳು. ಕೇರಿಯವರೆಲ್ಲ ಈ ಸಲ ಹಾರೆ ಹಿಡಿದು ಸುತ್ತ ನಿಂತಿದ್ದರು.

"ನನ್ನ ಕೈಲಿ ಗೆರೆ ಎಳೆಯಕ್ಕಾಗಲ್ಲ ಕಣೆ."

"ನೀವು ಬಾಯಲ್ಲೇಳಿ. ಕೈ ನಂದು."

ಅವನು ಹೇಳಿದಂತೆ ಎಳೆಯುತ್ತ ಹೋಗಿ, ಕೊನೆಯ ಮನೆಯಲ್ಲಿ ನಿಂತಳು.

"ಇದ್ರ ಹೊಸಿಲು ಎಲ್ಲಿ?"

"ಯಾರ ಮನೆ ಇದು?"

"ನನ್ನ ಹೆಸರಿಗೆ ಬಂದದ್ದು. ನೀವು ಹೂಂ ಅಂದ್ರೆ ನಮ್ಮಿಬ್ರದು." ಹೇಳಿ ನಾಚಿ ನಕ್ಕಳು. ಹಲ್ಲಿಲ್ಲದ್ದು ನೆನಪಾಗಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಅಡವಯ್ಯ ಮುರಿದ ಕೈಯಿಂದಲೇ ಸೆರಗು ಸರಿಸಿದ.

"ರಸ್ತೆ ಕಡೆಗೇ ಇಡು. ಇಬ್ರೂ ಬಲಗಾಲಿಟ್ಟು ಒಳಗೆ ಹೋಗೋದನ್ನ ಊರೆಲ್ಲ ನೋಡ್ಲಿ."