ರುಚಿ ನೋಡದೆ ಒಳಬಿಟ್ಟದ್ದು

ಅಂಜನ್ ಕುಮಾರನ ಪರವಾಗಿ ಮಾತಾಡಲು ಒಬ್ಬರೂ ಇರಲಿಲ್ಲ. ಸೂಪರಿಂಟೆಂಡೆಂಟರು ಅವನ ಟೋಪಿ, ಬೆಲ್ಟು ಬಿಚ್ಚಿಸಿ ಮೇಜಿನ ಮೇಲೆ ಇಡಿಸಿದ್ದರು. ಇನ್‌ಸ್ಪೆಕ್ಟರ್ ಗುರುಮೂರ್ತಿ ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಹಿಂದಿನ ದಿನ ನಮ್ಮ ಜೈಲಿನಲ್ಲಿ ನಾಗಭೂಷಣ್ ಎಂಬ ವಿಚಾರಣಾಧೀನ ಕೈದಿ ವಿಷದಿಂದ ಸತ್ತಿದ್ದ. ಮನೆಯಿಂದ ಬಂದ ಊಟವನ್ನು ಅವನ ಸೆಲ್ಲಿನ ಜೊತೆಗಾರನೂ ತಿಂದಿದ್ದ, ಅವನಿಗೇನೂ ಆಗಿರಲಿಲ್ಲ. ವಿಷ ಸಿಕ್ಕಿದ್ದು ನಾಗಭೂಷಣ್ ಪೂಜೆಗೆ ಬಳಸುತ್ತಿದ್ದ ಬಟ್ಟಲಿನ ತಳದಲ್ಲಿ. ಆ ಬಟ್ಟಲಿಗೆ ನೀರು ತಂದುಕೊಟ್ಟವನು ಅಂಜನ್.

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರಸ್ತೆ ಪಕ್ಕದ ಸಣ್ಣ ಹಳೆಯ ಜೈಲು ನಮ್ಮದು. ನಾನೂ ಅಂಜನ್ನೂ ಒಂದೇ ಬ್ಯಾಚಿನ ವಾರ್ಡರ್‌ಗಳು, ಇಬ್ಬರದೂ ಇನ್ನೂ ಪ್ರೊಬೇಷನ್. ಹಾಸ್ಟೆಲ್ ಲೈಬ್ರರಿಯ ಒಂದೇ ಮೇಜಿನಲ್ಲಿ ಪಿ.ಎಸ್.ಐ. ಪರೀಕ್ಷೆಗೆ ಓದಿದ್ದೆವು. ಅದು ಸಿಗಲಿಲ್ಲ, ಇದು ಸಿಕ್ಕಿತು. ಇದು ಮೊದಲ ಮೆಟ್ಟಿಲು, ಮುಂದೆ ಅಲ್ಲಿಗೇ ಹೋಗುವುದು ಅಂದುಕೊಂಡಿದ್ದೆವು. ಊರಲ್ಲಿ ಯಾರಾದರೂ ಪೊಲೀಸಾ ಎಂದು ಕೇಳಿದರೆ ಹೂಂ ಅನ್ನುತ್ತಿದ್ದೆವು. ಪೊಲೀಸರು ಮಾತ್ರ ನಮ್ಮನ್ನು ಬಾಗಿಲು ಕಾಯುವವರು ಅನ್ನುತ್ತಿದ್ದರು.

"ಮಂಡಕ್ಕಿ ಭಟ್ಟೀಲಿ ಸುಟ್ಟುಹೋದ ಮರಿಯವ್ವ ನಿನಗೇನಾಗ್ಬೇಕು?" ಗುರುಮೂರ್ತಿ ಕೇಳಿದರು.

"ಚಿಕ್ಕವ್ವ, ಸಾರ್."

ನನಗೂ ಅದು ಗೊತ್ತಿರಲಿಲ್ಲ. ನಾಗಭೂಷಣ್‌ನ ಭಟ್ಟಿಗೆ ಬೆಂಕಿ ಬಿದ್ದಾಗ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಕೆಲಸದ ಹೆಂಗಸರು ನಡುವೆ ಎದ್ದುಹೋಗಬಾರದು ಅಂತ ಹಾಕುತ್ತಿದ್ದ ಬೀಗ. ಮಾಯಕೊಂಡದ ಮರಿಯವ್ವ, ರಂಗವ್ವ ಒಳಗೇ ಸತ್ತರು. ಲೈಸೆನ್ಸು ನಾಗಭೂಷಣ್ ಹೆಸರಲ್ಲಿತ್ತು, ಆದ್ದರಿಂದ ಅವನು ಒಳಗೆ ಬಂದ.

"ಇದನ್ನ ಯಾಕ ಮುಚ್ಚಿಟ್ಟೆ?"

"ಹೇಳಿದ್ರೆ ಬೇರೆ ಕಡೆ ಡ್ಯೂಟಿ ಹಾಕ್ತಿದ್ರು. ಬೀಗ ಹಾಕ್ಸಿದ್ದು ಯಾರು ಅಂತ ಅವನ ಬಾಯಿಂದಲೇ ಕೇಳ್ಬೇಕಿತ್ತು. ನಾನಲ್ಲ ಅಂದ. ಮುಂದಿನ ವಾಯಿದೆಗೆ ಜಡ್ಜ್ ಮುಂದೆ ಹೆಸರು ಹೇಳ್ತೀನಿ ಅಂದಿದ್ದ. ಅವನನ್ನ ನಾನ್ಯಾಕ ಕೊಲ್ಲಲಿ ಸಾರ್?"

"ಕತೆ ಚೆನ್ನಾಗೈತೆ."

ಆಗ ಬಾಗಿಲ ಬಳಿ ನಿಂತಿದ್ದ ಜೈಲರ್ ಶಾಂತಲಾ ಮೇಡಂ ಮಾತಾಡಿದರು. ಅವರೂ ವಾರ್ಡರ್ ಆಗಿಯೇ ಶುರುಮಾಡಿ ಪರೀಕ್ಷೆ ಬರೆದು ಮೇಲೆ ಬಂದವರು. ಒಳಗಿನ ಕಳವು, ಹೊಡೆದಾಟ, ಕದ್ದುಮುಚ್ಚಿ ಒಳಗೆ ಬಂದ ಫೋನು, ಯಾವ ತಂಟೆಯಾದರೂ ಅವರೇ ಬಿಡಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಅವರ ಹಿಂದೆ ಬೀಗದ ಗೊಂಚಲು ಹಿಡಿದು ಓಡಾಡುವುದು ನನ್ನ ಕೆಲಸ.

"ಲ್ಯಾಬಿನ ಪೂರ್ತಿ ವರದಿ ಬರೋವರೆಗೆ ಇವನನ್ನ ಇಲ್ಲೇ ಬಿಡ್ರಿ ಸಾರ್," ಅಂದರು. "ಓಡಿಹೋಗ್ತಾನೆ ಅನ್ನೋ ಭಯ ಬ್ಯಾಡ. ಜೈಲಲ್ಲೇ ಅದಾನಲ್ಲ."

ಗುರುಮೂರ್ತಿ ನಗಲಿಲ್ಲ, ಆದರೆ ಒಪ್ಪಿದರು.

ಮೇಡಂ ಅಂಜನ್‌ನನ್ನು ತಮ್ಮ ಕೋಣೆಗೆ ಕರೆದೊಯ್ದರು. "ನಿನ್ನೆ ಗೇಟಲ್ಲಿ ತಪಾಸಣೆ ಮಾಡಿದ್ದು ನೀನು. ಏನೇನು ಬಂತು, ಹೇಳು."

"ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಹೆಂಡ್ತಿ ನಿರ್ಮಲಮ್ಮ ಎಲ್ಲದ್ರಾಗೂ ಒಂದೊಂದು ತುತ್ತು ನನ್ನೆದುರೇ ತಿಂದ್ರು. ಒಗೆದ ಬಟ್ಟೆ, ಮಡಿಕೆ ಬಿಚ್ಚಿ ನೋಡ್ದೆ. ಪೂಜೆ ಚೀಲ, ಅದರಲ್ಲಿ ವಿಭೂತಿ ಗಟ್ಟಿ, ಒಂದು ವಸ್ತ್ರ. ಅಷ್ಟೇ."

ನಮ್ಮ ಗೇಟಿನ ನಿಯಮ ಸರಳ. ಹೊಟ್ಟೆಗೆ ಹೋಗುವ ಯಾವುದನ್ನೇ ಆಗಲಿ, ತಂದವರು ಮೊದಲು ತಿಂದು ತೋರಿಸಬೇಕು. ಉಳಿದದ್ದನ್ನು ಬಿಚ್ಚಿ ನೋಡಿ ಬಿಡುತ್ತೇವೆ.

"ನಿರ್ಮಲಮ್ಮ ಒಬ್ಬರೇ ಬಂದಿದ್ರಾ?"

"ಭಟ್ಟಿ ಪಾಲುದಾರ ಏಕಾಂತಪ್ಪ ಕಾರಲ್ಲಿ ಕರ್ಕೊಂಡು ಬಂದಿದ್ರು. ಅವ್ರು ಗೇಟಿಗೆ ಬರ್ಲಿಲ್ಲ, ಕಾರಲ್ಲೇ ಕೂತಿದ್ರು."

ಅಲ್ಲಿಂದ ಸೆಲ್ಲಿಗೆ ಹೋದೆವು. ಸತ್ತವನ ಜೊತೆಗಾರ ಓಬಯ್ಯ ಸಾರಥಿ ಎಂಬ ಹಳ್ಳಿಯವನು, ಬೈಕು ಕದ್ದು ಬಂದಿದ್ದ. ಮೇಡಂ ಅವನೆದುರು ನೆಲದ ಮೇಲೆಯೇ ಕೂತರು.

"ಹೊಟ್ಟೆ ಹೆಂಗೈತೆ ಓಬಯ್ಯ?"

"ಸಾವ್ಕಾರರ ರೊಟ್ಟಿಗೆ ನನ್ನ ಹೊಟ್ಟೆ ಹೆದರ್ತೈತಾ ಮೇಡಂ? ನಿಮ್ಮ ಜೈಲಿನ ಸಾರು ಅರಗಿಸ್ಕೊಂಡೈತೆ."

"ನಿನ್ನೆ ಆಗಿದ್ದು ಒಂದೂ ಬಿಡದಂಗೆ ಹೇಳು."

"ಜಳಕ ಮಾಡ್ಕಂಡು ಬಂದ. ಅಂಜನಪ್ಪ ಚೊಂಬು ನೀರು ಕೊಟ್ಟ. ಹೊಸ ಗಟ್ಟಿ ತೆಗೆದು ವಿಭೂತಿ ಹಚ್ಕಂಡ. ಹಣೆ ಉರೀತೈತಲ್ಲೋ ಅಂದ. ಬಿಸಿಲಿಗಿರಬೇಕು ಬಿಡ್ರಿ ಅಂದೆ. ಲಿಂಗ ಅಂಗೈಲಿ ಇಟ್ಕಂಡು ಅದಕ್ಕೂ ಹಚ್ಚಿ, ನೀರು ಹಾಕಿ ತೊಳ್ದ. ನೀರು ಬಟ್ಲಿಗೆ ಬಿತ್ತು. ಆಮೇಲೆ ಊಟಕ್ಕೆ ಕೂತ್ವಿ. ಊಟ ಮುಗಿಯೋದ್ರಾಗೆ ವಾಂತಿ ಶುರುವಾತು."

"ಬಟ್ಲ ನೀರು ಏನು ಮಾಡ್ದ?"

"ಕುಡ್ದ. ದಿನಾ ಕುಡೀತಿದ್ದ."

"ಚೊಂಬಲ್ಲಿ ಉಳಿದ ನೀರು?"

"ರೊಟ್ಟಿ ಗಂಟಲಿಗೆ ಸಿಕ್ಕಂತು. ಅದನ್ನ ನಾನೇ ಕುಡ್ದೆ."

ಮೇಡಂ ನನ್ನ ಮುಖ ನೋಡಿದರು. "ಇದನ್ನ ಪೊಲೀಸರಿಗೆ ಹೇಳಿದ್ಯಾ?"

"ಅವ್ರು ಊಟದ್ದು ಕೇಳಿದ್ರು. ನೀರಿಂದು ಕೇಳ್ಲಿಲ್ಲ. ಕೇಳದ್ದಕ್ಕೆ ಉತ್ರ ಕೊಟ್ಟು ಹಿಂದೊಂದು ಸಲ ಒದೆ ತಿಂದೀನಿ."

ಹೊರಗೆ ಬಂದ ಮೇಲೆ ಮೇಡಂ ಕೇಳಿದರು, "ಕೊಟ್ರೇಶ, ನೀವೂ ಲಿಂಗ ಕಟ್ಟೋ ಜನ ಅಲ್ವಾ, ಆ ನೀರು ಯಾಕ ಕುಡೀತೀರಿ?"

"ಪಾದೋದಕ ಮೇಡಂ. ಲಿಂಗ ತೊಳೆದ ನೀರು ಪ್ರಸಾದ ಇದ್ದಂಗೆ. ನಮ್ಮಜ್ಜಿ ಅದನ್ನ ಕುಡೀದೆ ಊಟಕ್ಕೆ ಕೈ ಹಾಕ್ತಿರ್ಲಿಲ್ಲ."

"ಅಂಜನ್‌ಗೆ ಇದು ಗೊತ್ತಿತ್ತಾ?"

"ಅವರ ಮನೇಲಿ ಈ ಪದ್ಧತಿ ಇಲ್ಲ."

"ನಮ್ಮ ಮನೇಲೂ ಇಲ್ಲ," ಅಂದರು.

ಮಧ್ಯಾಹ್ನ ಏಕಾಂತಪ್ಪ ಬಂದ. ಎಸ್.ಎಸ್. ಬಡಾವಣೆಯಲ್ಲಿ ನಾಗಭೂಷಣ್ ಮನೆಗೆ ಎದುರು ಮನೆ ಅವನದು. ಹಣೆಯ ತುಂಬ ವಿಭೂತಿ, ಬಿಳಿ ಅಂಗಿ, ಅತ್ತು ಕೆಂಪಾದ ಕಣ್ಣು. ಅದು ನಿಜವಾದ ಅಳುವೇ ಇರಬೇಕು ಅಂತ ಈಗಲೂ ನನಗೆ ಅನ್ನಿಸುತ್ತದೆ.

"ಸಂಜೆ ಮಣ್ಣು ಮಾಡ್ತೀವಿ ಮೇಡಂ. ಪೂಜೆ ಚೀಲ ಕೊಡ್ರಿ. ನಮ್ಮ ನಾಗಭೂಷಣನ ಜೊತೆಗೇ ಇಡ್ಬೇಕು."

"ಕೂಡ್ರಿ. ಚಾ ಕುಡೀರಿ. ಒಳಗೆ ಹುಡುಕಿಸ್ತೀನಿ."

ಚೀಲ ಮೇಡಂ ಬೀರುವಿನಲ್ಲೇ ಇತ್ತು. ಅವರು ನನ್ನನ್ನು ಪಡಸಾಲೆಗೆ ಕರೆದು, ಹರಿಹರದ ಪೇಟೆಗೆ ಹೋಗಿ ಒಂದು ವಿಭೂತಿ ಗಟ್ಟಿ ತರಲು ಹೇಳಿದರು. ಯಾಕೆ ಎಂದು ಕೇಳಲು ಬಾಯಿ ತೆರೆದೆ. ಅವರು ಬೈಕಿನ ಕೀಲಿ ಕೈಗಿಟ್ಟರು.

ನಾನು ತಿರುಗಿ ಬಂದ ಮೇಲೆ ಏಕಾಂತಪ್ಪನ ಕೈಗೆ ಚೀಲ ಸಿಕ್ಕಿತು. ಅವನು ಹೊರಗಿನಿಂದಲೇ ಅದನ್ನು ಬೆರಳಲ್ಲಿ ಒತ್ತಿ ನೋಡಿ, ಕೈ ಮುಗಿದು ಹೋದ. ಆಸ್ಪತ್ರೆಯವರು ಹೆಣದ ಕೊರಳಿನಿಂದ ತೆಗೆದು ಕಳಿಸಿದ್ದ ಬೆಳ್ಳಿಯ ಕರಡಿಗೆ, ಲಿಂಗದ ಸಮೇತ, ಮೇಜಿನ ಮೇಲೆ ಅವನ ಚಾ ಲೋಟದ ಪಕ್ಕದಲ್ಲೇ ಇತ್ತು. ಅದನ್ನು ಅವನು ಕೇಳಲೂ ಇಲ್ಲ, ಮುಟ್ಟಲೂ ಇಲ್ಲ.

ಸ್ವಲ್ಪ ಹೊತ್ತಿಗೆ ನಿರ್ಮಲಮ್ಮ ಆಟೋದಲ್ಲಿ ಬಂದರು. ಬಾಗಿಲಲ್ಲೇ ನಿಂತು, "ನಮ್ಮನೆಯವರ ಲಿಂಗ ಕೊಡ್ರಿ. ಲಿಂಗ ಇಲ್ದೆ ಹೆಂಗ ಮಣ್ಣು ಮಾಡ್ಲಿ?" ಅಂದರು. ಕರಡಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದರು.

ಲ್ಯಾಬಿನ ವರದಿ ಬಂದ ದಿನ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿದರು. ಗುರುಮೂರ್ತಿ, ನಿರ್ಮಲಮ್ಮ, ಏಕಾಂತಪ್ಪ. ಓಬಯ್ಯನನ್ನು ನಾನೇ ಕರೆತಂದೆ. ಅಂಜನ್ ಟೋಪಿ ಇಲ್ಲದೆ ಗೋಡೆಗೆ ಒರಗಿ ನಿಂತಿದ್ದ.

"ಊಟದಲ್ಲಿ ವಿಷ ಇರ್ಲಿಲ್ಲ," ಮೇಡಂ ಶುರುಮಾಡಿದರು. "ನಿರ್ಮಲಮ್ಮ ತಿಂದಾರೆ, ಓಬಯ್ಯ ತಿಂದಾನೆ. ಅಂಜನ್ ಕೊಟ್ಟ ನೀರಲ್ಲೂ ಇರ್ಲಿಲ್ಲ, ಅದೇ ಚೊಂಬಿನ ನೀರನ್ನ ಓಬಯ್ಯ ಕುಡ್ದಾನೆ. ಆದ್ರೆ ಬಟ್ಲಲ್ಲಿ ವಿಷ ಐತೆ. ಚೊಂಬಿಂದ ಬಟ್ಲಿಗೆ ಬೀಳೋ ದಾರೀಲಿ ನೀರು ಮುಟ್ಟಿದ್ದು ಎರಡನ್ನೇ. ಒಂದು ಲಿಂಗ, ಅದು ಅವರ ಕೊರಳಲ್ಲೇ ಇತ್ತು. ಇನ್ನೊಂದು ಅವತ್ತೇ ಹೊರಗಿಂದ ಬಂದ ವಿಭೂತಿ. ಹಚ್ಕೊಂಡ ಕೂಡ್ಲೆ ಹಣೆ ಉರೀತೈತೆ ಅಂದಿದ್ರು."

ನಿರ್ಮಲಮ್ಮ ನಿಧಾನವಾಗಿ ಏಕಾಂತಪ್ಪನ ಕಡೆ ತಿರುಗಿದರು.

"ಹೊಟ್ಟೆಗೆ ಹೋಗೋದನ್ನ ಗೇಟಲ್ಲಿ ತಿನ್ನಿಸಿ ನೋಡ್ತೀವಿ. ವಿಭೂತಿ ಹಣೆಗೆ ಹಚ್ಚೋದು ಅಂದ್ಕೊಂಡು ಬಿಟ್ವಿ. ಅದು ಕೊನೆಗೆ ಹೊಟ್ಟೆಗೇ ಹೋಗ್ತೈತೆ ಅಂತ ಅಂಜನ್‌ಗೆ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. ಗೊತ್ತಿದ್ದೋರು ಆ ಪೂಜೆ ಮಾಡೋ ಮನೆಯೋರು. ನಿರ್ಮಲಮ್ಮ, ಆ ಗಟ್ಟಿ ಎಲ್ಲಿಂದ ಬಂತು?"

"ಮನೇಲಿ ಮುಗ್ದಿತ್ತು. ದಾರೀಲಿ ಕೊಂಡ್ಕೊಳ್ಳೋಣ ಅಂದೆ. ಕಾರಲ್ಲೇ ಐತೆ ತಗಳವ್ವ ಅಂತ ಈ ಏಕಾಂತಪ್ಪ ಅಣ್ಣಾರು ಕೊಟ್ರು."

"ಎಲ್ಲರ ಮನೆ ವಿಭೂತಿನೂ ಒಂದೇ," ಏಕಾಂತಪ್ಪ ಅಂದ. "ಯಾರು ಏನು ಬೆರೆಸಿದ್ರೋ. ಈ ಹುಡುಗನೇ ಗೇಟಲ್ಲಿ ಬೆರೆಸಿರಬಹುದಲ್ಲ."

"ಆಗಬಹುದಿತ್ತು. ಆದ್ರೆ ಮಾರನೇ ದಿನ ಚೀಲ ಕೇಳ್ಕೊಂಡು ಬಂದೋರು ನೀವು. ಅದು ಈಗ ಎಲ್ಲೈತ್ರಿ?"

"ಜೊತೆಗೇ ಮಣ್ಣು ಮಾಡಿದ್ವಿ."

"ಇಲ್ಲ," ನಿರ್ಮಲಮ್ಮ ಅಂದರು. "ವಿಭೂತಿ ಮಠದಿಂದ ತರಿಸಿದ್ವಿ. ಚೀಲ ನಾನು ನೋಡೇ ಇಲ್ಲ."

ಏಕಾಂತಪ್ಪ ಬೆವರು ಒರೆಸಿಕೊಂಡ. "ದುಃಖದಲ್ಲಿ ನೆನಪಾಗ್ಲಿಲ್ಲ. ಸೇತುವೆ ಮೇಲಿಂದ ಹೊಳೆಗೆ ಬಿಟ್ಟೆ."

"ಹೊಳೆಗೆ ಹೋಗಿದ್ದು ಕೊಟ್ರೇಶ ಪೇಟೆಯಿಂದ ತಂದ ಗಟ್ಟಿ. ಓಬಯ್ಯನ ಮಾತು ಕೇಳಿದ ಮೇಲೆ ಸತ್ತೋರ ಗಟ್ಟೀನ ಹೊರಗೆ ಬಿಡೋ ಧೈರ್ಯ ಆಗ್ಲಿಲ್ಲ. ಅದು ಇನ್‌ಸ್ಪೆಕ್ಟರ್ ಕೈಗೆ ಹೋತು, ಅಲ್ಲಿಂದ ಲ್ಯಾಬಿಗೆ."

ಗುರುಮೂರ್ತಿ ವರದಿಯನ್ನು ಮೇಜಿನ ಮೇಲಿಟ್ಟರು. "ಹೊಲಕ್ಕೆ ಹೊಡೆಯೋ ಔಷಧಿ. ಗಟ್ಟಿ ಕಟ್ಟುವಾಗಲೇ ಕಲೆಸಿದ್ದು, ಒಳಗೆ ನಡುವಿನವರೆಗೂ ಐತೆ. ಗೇಟಲ್ಲಿ ನಿಂತು ಮಾಡೋ ಕೆಲಸ ಅಲ್ಲ."

"ಅಣ್ಣಾರೇ," ಮೇಡಂ ದನಿ ಏರಿಸದೆ ಹೇಳಿದರು, "ಮಣ್ಣು ಮಾಡೋದಕ್ಕೆ ಬೇಕು ಅಂತ ಬಂದೋರು ನೀವು. ಕಣ್ಣೆದುರು ಲಿಂಗ ಇತ್ತು. ಅದನ್ನ ಬಿಟ್ಟು ವಿಭೂತಿ ತಗೊಂಡು ಹೋದ್ರಿ. ನಿರ್ಮಲಮ್ಮ ಬಂದು ಕೇಳಿದ್ದು ಲಿಂಗ ಒಂದನ್ನೇ. ಅಲ್ಲಿವರೆಗೆ ನನಗೆ ವಿಭೂತಿ ಮೇಲೆ ಅನುಮಾನ ಇತ್ತು. ಅವರು ಬಂದು ಹೋದ ಮೇಲೆ ನಿಮ್ಮ ಮೇಲೆ."

ನಿರ್ಮಲಮ್ಮ ಕೇಳಿದರು, "ಬೀಗ ನೀವೇ ಹಾಕ್ಸಿದ್ದಾ ಅಣ್ಣಾರೇ?"

"ಮರಿಯವ್ವ ಪದೇಪದೇ ಹೊರಗೆ ಹೋಗ್ತಿದ್ಲು. ಕೂಸಿಗೆ ಹಾಲು ಕುಡಿಸೋದು ಅಂತಿದ್ಲು," ಏಕಾಂತಪ್ಪ ನೆಲ ನೋಡುತ್ತಾ ಹೇಳಿದ. "ಬೆಂಕಿ ಬೀಳ್ತೈತೆ ಅಂತ ಯಾರಿಗೆ ಗೊತ್ತಿತ್ತು? ನಾಗಭೂಷಣ ಸುಮ್ಮನಿದ್ದಿದ್ರೆ ಜಾಮೀನು ಕೊಡಿಸ್ತಿದ್ದೆ. ಜಡ್ಜ್ ಮುಂದೆ ಹೇಳೇ ಹೇಳ್ತೀನಿ ಅಂತ ಕೂತ."

ಅಂಜನ್ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ನಾನು ಅವನ ತೋಳು ಹಿಡಿದೆ. ಅವನು ಬಿಡಿಸಿಕೊಳ್ಳಲಿಲ್ಲ.

ಏಕಾಂತಪ್ಪನನ್ನು ಜೀಪು ಹತ್ತಿಸಿದ ಮೇಲೆ ಸೂಪರಿಂಟೆಂಡೆಂಟರು ಅಂಜನ್‌ಗೆ ಕೂರಲು ಹೇಳಿದರು. ಕೊಲೆಯ ಆರೋಪ ಇಲ್ಲ ಎಂದರು. ಆದರೆ ಸತ್ತ ಚಿಕ್ಕವ್ವನ ಸಂಬಂಧ ಮುಚ್ಚಿಟ್ಟು ಅದೇ ಕೇಸಿನ ಕೈದಿಯ ಕಾವಲಿಗೆ ನಿಂತದ್ದು ನಿಜ. ಪ್ರೊಬೇಷನ್‌ನಲ್ಲಿ ಇರುವವನಿಗೆ ಅಷ್ಟು ಸಾಕು, ಕೆಲಸದಿಂದ ತೆಗೆಯುವ ಆದೇಶ ಆಗಲೇ ಬಂದಿದೆ ಎಂದರು.

"ಇವನು ಹಿಂದೆ ಬಿದ್ದು ಕೇಳಿದ್ದಕ್ಕೇ ನಾಗಭೂಷಣ್ ನಿಜ ಹೇಳೋಕೆ ಒಪ್ಪಿದ್ದು ಸಾರ್," ಮೇಡಂ ಅಂದರು.

"ಅದನ್ನ ಎಲ್ಲಿ ಬರೀಲಿ ಶಾಂತಲಾ?"

ಅಂಜನ್‌ನನ್ನು ಗೇಟಿನವರೆಗೆ ಬಿಡಲು ನಾನು ಹೋದೆ. ನಿಯಮದ ಪ್ರಕಾರ ಅವನ ಚೀಲವನ್ನೂ ಬಿಚ್ಚಿ ನೋಡಬೇಕಿತ್ತು. ನೋಡಿದೆ. ಎರಡು ಅಂಗಿ, ಪಿ.ಎಸ್.ಐ. ಪರೀಕ್ಷೆಯ ಪುಸ್ತಕಗಳು.

"ಮತ್ತೆ ಬರೀತೀಯಲ್ಲ?" ಅಂದೆ.

"ಕೆಲಸದಿಂದ ತೆಗೆದಾರೆ ಅಂತ ಫಾರಮ್ಮಲ್ಲಿ ತುಂಬ್ಬೇಕಾಗ್ತೈತೆ ಕಣೋ," ಅಂದು ಮಾಯಕೊಂಡದ ಬಸ್ಸು ಹಿಡಿಯಲು ಹೋದ.

ಬೀಗದ ವಿಷಯವನ್ನು ಕೋರ್ಟಿನಲ್ಲಿ ಏಕಾಂತಪ್ಪ ಒಪ್ಪಲಿಲ್ಲ. ಜೈಲಿನ ಕೋಣೆಯಲ್ಲಿ ಪೊಲೀಸರೆದುರು ಆಡಿದ ಮಾತು ಸಾಕ್ಷಿಯಾಗುವುದಿಲ್ಲ ಎಂದು ಅವನ ವಕೀಲರು ವಾದಿಸಿದರು. ಕೊಲೆಯ ಕೇಸು ಗಟ್ಟಿಯಾಗಿ ನಿಂತಿತು, ಭಟ್ಟಿಯ ಕೇಸು ಬಿದ್ದುಹೋಯಿತು. ಹೋದದ್ದು ಇಷ್ಟು: ಬೆಂಕಿಯಲ್ಲಿ ಇಬ್ಬರು ಹೆಂಗಸರು, ಜೈಲಿನಲ್ಲಿ ಒಬ್ಬ ಗಂಡಸು, ಅವನು ಹೇಳಬೇಕಿದ್ದ ಒಂದು ಸಾಕ್ಷಿ, ಮತ್ತು ಒಂದು ನೌಕರಿ.